ರೊಟ್ಟಿ ವ್ಯಾನಿನ ಸಪ್ಪಳ

2018ರಲ್ಲಿ ನಾನು ಬಾಗಲಕೋಟೆಯಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ವ್ಯಾಪಾರಕ್ಕೆ ಓಡುವ ಹಳೆಯ ಗಾಡಿಗಳು ವರ್ಷಕ್ಕೊಮ್ಮೆ ನಮ್ಮ ಮೈದಾನಕ್ಕೆ ಬಂದು, ರಸ್ತೆಯಲ್ಲಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ ಪಡೆಯಬೇಕು. ಅದನ್ನು ಎಲ್ಲರೂ ಎಫ್‌ಸಿ ಎನ್ನುತ್ತಾರೆ. ಆ ದಿನ ಗಾಡಿಗಳು ಮದುಮಕ್ಕಳಂತೆ ಸಿಂಗರಿಸಿಕೊಂಡು ಬರುತ್ತಿದ್ದವು. ನನಗೆ ಬಣ್ಣ ಬೇಕಿರಲಿಲ್ಲ. ಬ್ರೇಕು, ಸ್ಟೇರಿಂಗು, ದೀಪದ ವಿಷಯದಲ್ಲಿ ಮಾತ್ರ ಹೆತ್ತಪ್ಪ ಹೇಳಿದರೂ ಕೇಳುವವನಲ್ಲ. ಹಾಗೆಂದು ಹಳೆಯ ಗಾಡಿಗಳ ವೈರಿಯಲ್ಲ. ನನಗೆ ಅವೆಂದರೆ ಪ್ರೀತಿ. ಹೊಸವು ಒಂದರಂತೆ ಇನ್ನೊಂದು, ಹಳೆಯವಕ್ಕೆ ಒಂದೊಂದಕ್ಕೆ ಒಂದೊಂದು ಹಟ.

ಇಳಕಲ್ಲಿನ ಶಾಂತವ್ವನವರ ಮೆಟಡೋರ್ ವ್ಯಾನು ಅಂಥ ಹಟಮಾರಿ. ಮೈ ನೀಲಿ, ಚಾಲಕರ ಬಾಗಿಲು ಬೇರೊಂದು ಗಾಡಿಯಿಂದ ಕಿತ್ತು ತಂದ ಕೆಂಪು. ಮದುವೆ ಬ್ಯಾಂಡಿನವರು ಓಡಿಸಿ ಓಡಿಸಿ ಬಿಟ್ಟದ್ದನ್ನು ಅವರು ಅಗ್ಗಕ್ಕೆ ಕೊಂಡಿದ್ದರು. ಅದರಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತುಂಬಿಕೊಂಡು ಗ್ರಾನೈಟ್ ಪಾಲಿಶ್ ಶೆಡ್ಡುಗಳಿಗೆ, ಹುನಗುಂದದ ಕಡೆಯ ಹಳ್ಳಿಗಳಿಗೆ ತಾವೇ ಓಡಿಸಿಕೊಂಡು ಹೋಗಿ ಮಾರುತ್ತಿದ್ದರು.

“ಹೊಸಾದು ಯಾಕ ತಗೊಳ್ಳಿಲ್ರಿ ಅಕ್ಕಾರ?” ಎಂದೆ.

“ಹೊಸಾ ಗಾಡಿಗೆ ನಾ ದುಡೀಬೇಕ್ರಿ ಸಾಹೇಬ್ರ. ಇದು ನನಗ ದುಡೀತೈತಿ.”

ಮಾತು ಹಿಡಿಸಿತು. ಆದರೆ ಬ್ರೇಕು ಹಾಕಿದರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು, ಸೈಲೆನ್ಸರ್ ಒಡೆದಿತ್ತು. ಎರಡನ್ನೂ ಮಾಡಿಸಿಕೊಂಡು ಬನ್ನಿ ಎಂದು ವಾಪಸು ಕಳಿಸಿದೆ.

“ಬ್ರೇಕ್ ಮಾಡಸ್ತೇನ್ರಿ. ಸೈಲೆನ್ಸರ್ ಒಂದು ಬಿಡ್ರಿ. ಅದರ ಸಪ್ಪಳದ ಮ್ಯಾಲ ನನ್ನ ಯಾಪಾರ ಐತಿ” ಎಂದರು. ಅಂಥ ನೆವಗಳನ್ನು ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿತ್ತು. ಅವರು ಎರಡನ್ನೂ ಮಾಡಿಸಿ ತಂದರು, ವ್ಯಾನು ಪಾಸಾಯಿತು.

ಕೆಲವು ವಾರಗಳ ನಂತರ ಶಾಂತವ್ವ ಮತ್ತೆ ಬಂದರು. “ಗಾಡಿ ಮಾರೂದೈತ್ರಿ. ಹೆಸರು ಬದಲಿಗೆ ಏನೇನು ಬೇಕಾಕ್ಕೇತಿ?”

ಕಾರಣ ಕೇಳಿದೆ. ಮೊದಲು ಒಡೆದ ಸೈಲೆನ್ಸರಿನ ಸದ್ದು ಕೇಳಿದೊಡನೆ ಹೆಂಗಸರು ಬುಟ್ಟಿ ಹಿಡಿದು ಬಾಗಿಲಿಗೆ ಬರುತ್ತಿದ್ದರಂತೆ. ಈಗ ವ್ಯಾನು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಅರ್ಧಕ್ಕರ್ಧ ರೊಟ್ಟಿ ಮನೆಗೆ ಮರಳುತ್ತಿತ್ತು. ಅವರು ದೂರು ಹೇಳಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾಯಿತು. ನಿಯಮ ಸರಿಯೇ ಇತ್ತು, ಆದರೆ ಒಬ್ಬರ ಅನ್ನ ಅದರಡಿ ಸಿಕ್ಕಿಕೊಂಡಿತ್ತು.

“ಹಾರ್ನ್ ಹೊಡೀರಿ.”

“ಹಾರ್ನ್ ಎಲ್ಲಾರೂ ಹೊಡೀತಾರ್ರಿ. ಅದಕ್ಕ ಯಾರು ಹೊರಗ ಬರ್ತಾರ?”

ಹೊರಗೆ ವ್ಯಾನಿನ ಬಳಿ ನಿಂತು ಇದೇ ಮಾತಾಡುತ್ತಿದ್ದೆವು. ಮಾತಿನ ಬೇಸರಕ್ಕೆ ಶಾಂತವ್ವನವರ ಅಂಗೈ ತನ್ನಷ್ಟಕ್ಕೆ ಕೆಂಪು ಬಾಗಿಲನ್ನು ಬಡಿಯತೊಡಗಿತು. ಪಟ ಪಟ, ಪಟ ಪಟ. ದಿನವೂ ರೊಟ್ಟಿ ಬಡಿಯುವ ಕೈ. ಬೇರೆ ತಾಳ ಅದಕ್ಕೆ ಗೊತ್ತಿಲ್ಲ. ಹಳೆಯ ತಗಡು ಚೆನ್ನಾಗಿ ಮೊಳಗಿತು. ನಮ್ಮ ಗುಮಾಸ್ತ ಮಲ್ಲಪ್ಪ ಕಿಟಕಿಯಿಂದ ತಲೆ ಹೊರಹಾಕಿ, “ಎಲ್ಲ್ಯೋ ರೊಟ್ಟಿ ಬಡ್ಯಾಕ ಹತ್ಯಾರಲ್ರಿ?” ಎಂದರು.

ಶಾಂತವ್ವ ನನ್ನ ಮುಖ ನೋಡಿದರು. ನಾನು ಅವರ ಕೈ ನೋಡಿದೆ. ಇಬ್ಬರಿಗೂ ನಗು ಬಂತು.

“ಹಳ್ಳ್ಯಾಗ ಗಾಡಿ ನಿಂತ ಮ್ಯಾಲ ಹಿಂಗ ಬಡೀರಿ” ಎಂದೆ. “ಓಡಸಕೋತ ಬಡದ್ರ ದಂಡ ಹಾಕ್ತೇನಿ.”

ಮಾರುವ ಮಾತು ಅಲ್ಲಿಗೇ ನಿಂತಿತು. ಅಂದು ಉಳಿದ ರೊಟ್ಟಿಯನ್ನೆಲ್ಲ ನಮ್ಮ ಕಚೇರಿಯವರೇ ಕೊಂಡರು.

ಮರುವರ್ಷ ವ್ಯಾನು ಎಫ್‌ಸಿಗೆ ಬಂದಾಗ ಮೈಯ ತಗ್ಗುದಿನ್ನೆಯೆಲ್ಲ ಸಮವಾಗಿ, ಹೊಸ ನೀಲಿ ಹೊಳೆಯುತ್ತಿತ್ತು. ಕೆಂಪು ಬಾಗಿಲು ಮಾತ್ರ ಹಾಗೇ ಇತ್ತು. ಅದರ ನಡುವೆ ಅಂಗೈ ಕೂರುವಷ್ಟು ಹೊಸ ತಗ್ಗು ಬಿದ್ದಿತ್ತು.

“ಇದನ್ನ ತುಂಬಸಬೇಕೇನ್ರಿ ಸಾಹೇಬ್ರ?” ಶಾಂತವ್ವನವರ ದನಿಯಲ್ಲಿ ಅರ್ಧ ತಮಾಷೆ, ಅರ್ಧ ಅಂಜಿಕೆ.

“ಅದಕ್ಕ ಕೈ ಹಚ್ಚಬ್ಯಾಡ್ರಿ. ಬ್ರೇಕ್ ಒತ್ರಿ, ನೋಡೂಣು.”

ವ್ಯಾನು ಎತ್ತಲೂ ಎಳೆಯದೆ ನೆಟ್ಟಗೆ ನಿಂತಿತು. ಗಾಡಿಯಲ್ಲಿ ಏನನ್ನು ಸರಿಪಡಿಸಬೇಕೆಂದು ಇಲಾಖೆ ನನಗೆ ಕಲಿಸಿತ್ತು. ಏನನ್ನು ಇದ್ದ ಹಾಗೇ ಬಿಡಬೇಕೆಂದು ಕಲಿಸಿದ್ದು ಆ ಕೆಂಪು ಬಾಗಿಲು. ನಾನು ಸಹಿ ಹಾಕಿದೆ.