ಎರಡು ಸಲ ಬಡಿಸಿಕೊಂಡ ದೊಡ್ಡಪ್ಪ

“ಅಲ್ರೀ ಅಳಿಯಂದ್ರ, ಹೆಂಡ್ತಿ ಆಸ್ಪತ್ರ್ಯಾಗ ದುಡಿತಾಳ, ನೀವು ಅಲ್ಲಿ ಅಡಿಗಿ ಮಾಡಿಕೆಂತ ಕುಂದರ್ತೀರೇನು?” ಎಂದು ನಮ್ಮ ದೊಡ್ಡಪ್ಪ ನನ್ನ ಗಂಡನನ್ನು ಕೇಳಿ ಎಲ್ಲರೆದುರು ನಕ್ಕರು.

ನಾನು ನರ್ಸ್. ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿತ್ತು. ಬಳ್ಳಾರಿಯಲ್ಲಿದ್ದ ತಮ್ಮ ಕೆಲಸ ಬಿಟ್ಟು ನನ್ನವರೂ, ಇಬ್ಬರು ಮಕ್ಕಳೂ ಜತೆಗೆ ಹೊರಟಿದ್ದರು. ಅದಕ್ಕೇ ಸಿರುಗುಪ್ಪದ ನನ್ನ ತವರಿನಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದೆವು. ಅಡುಗೆಮನೆಯ ಹೊಸ್ತಿಲನ್ನೇ ದಾಟದೆ ಅರವತ್ತು ವರ್ಷ ಕಳೆದ ದೊಡ್ಡಪ್ಪ, ಬದನೆಕಾಯಿ ಎಣ್ಣೆಗಾಯಿಯನ್ನು ಎರಡನೇ ಸಲ ಬಡಿಸಿಕೊಂಡು ಈ ಮಾತಾಡಿದ್ದರು. ನನ್ನವರು ತಲೆ ತಗ್ಗಿಸಿದರು.

ಆರು ವರ್ಷದ ಮಗಳು ರೊಟ್ಟಿ ಮುರಿಯುತ್ತಲೇ ಹೇಳಿದಳು: “ತಾತ, ನೀವು ಉಣ್ಣಾಕತ್ತಿರೋ ಪಲ್ಯ ನಮ್ಮಪ್ಪನೇ ಮಾಡಿದ್ದು.”

ದೊಡ್ಡಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು. ಅಲ್ಲಿಯವರೆಗೆ ಬೆರಳು ನೆಕ್ಕುತ್ತಿದ್ದ ಮನುಷ್ಯನಿಗೆ ಆ ಕ್ಷಣವೇ ಉಪ್ಪು ಹೆಚ್ಚಾಯಿತು! ತಟ್ಟೆ ಸರಿಸಿ ಎದ್ದರು. ಅವರ ಕೈಗೆ ನೀರು ಹಾಕಲೂ ದೊಡ್ಡಮ್ಮನೇ ಓಡಬೇಕಾಯಿತು.

ಗಂಡನ ಕೆಲಸ ಬಿಡಿಸಿದೆನಲ್ಲ ಎಂಬ ಅಳುಕು ನನಗೆ ಅಂದೇ ಹೋಯಿತು. ಎರಡು ವರ್ಷದ ಮಗ ಇಂಥವರನ್ನು ನೋಡಿ ಕಲಿಯುವ ಮೊದಲೇ ವಿಮಾನ ಹತ್ತಿದ್ದೇವೆ. ನಮ್ಮ ಪುಣ್ಯ!