ಮುನಿಕೆಂಪಮ್ಮನ ಕೋವಿ ವ್ಯಾಪಾರ

ಅಲ್ಲಾಳಸಂದ್ರದ ಮುನಿಕೆಂಪಮ್ಮ ಎಮ್ಮೆ ವ್ಯಾಪಾರಕ್ಕೆ ನಿಂತಳೆಂದರೆ ಸಂತೆಯ ದಲ್ಲಾಳಿಗಳು ಬೆವರು ಒರೆಸಿಕೊಳ್ಳುತ್ತಿದ್ದರು. ಹಲ್ಲು ನೋಡುವಳು, ಕೆಚ್ಚಲು ಮುಟ್ಟಿ ನೋಡುವಳು, ಎಲ್ಲ ಸರಿಯಿದ್ದರೆ ಮೈಮೇಲಿನ ಸುಳಿಯಲ್ಲಾದರೂ ಒಂದು ಕೊಂಕು ತೆಗೆದು ಬೆಲೆ ಇಳಿಸುವಳು. ಯಲಹಂಕದ ಮನೆಮನೆಗೂ ಹಾಲು ಹಾಕಿಕೊಂಡಿದ್ದ ಇಂಥ ಹೆಂಗಸಿಗೆ ೧೯೬೩ರಲ್ಲಿ ಕೋವಿ ಮಾರುವ ಕೆಲಸ ಬಂದು ಒಕ್ಕರಿಸಿತು.

ಕೋವಿ ಅವಳ ಗಂಡ ಬ್ಯಾಟರಾಯಪ್ಪನದು. ಗುತ್ತಿಗೆಗೆ ಮಾಡುತ್ತಿದ್ದ ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತವೆಂದು ಲೈಸೆನ್ಸ್ ಮಾಡಿಸಿ ತಂದ ಒಂಟಿ ನಳಿಗೆಯದು. ಪುಣ್ಯಾತ್ಮ ಒಂದು ಹಂದಿಯನ್ನೂ ಹೊಡೆದವನಲ್ಲ. ಸದ್ದಿಗೇ ಅವು ಓಡುತ್ತಿದ್ದವು, ಅವನಿಗೂ ಅಷ್ಟೇ ಬೇಕಿತ್ತು. ಅವನು ತೀರಿಕೊಂಡ ಮೇಲೆ ಕಾನೂನಿನಂತೆ ಕೋವಿ ಯಲಹಂಕದ ಪೊಲೀಸ್ ಠಾಣೆ ಸೇರಿತು. ಲೈಸೆನ್ಸ್ ಇದ್ದವರಿಗೋ ಕೋವಿ ಅಂಗಡಿಯವರಿಗೋ ಮಾರಿಕೊಳ್ಳಬಹುದು, ಗಡುವು ಮೀರಿದರೆ ಸರ್ಕಾರದ ಪಾಲು ಎಂದು ದಫೇದಾರರು ಬಿಡಿಸಿ ಹೇಳಿದರು.

ಅದೇ ವರ್ಷ ಅವಳ ಒಳ್ಳೆಯ ಎಮ್ಮೆಯೂ ಸತ್ತಿತ್ತು. ಉಳಿದ ಒಂದು ಎಮ್ಮೆಯ ಹಾಲು ಯಾರ ಚೊಂಬಿಗೂ ಸಾಲದು. ಕೋವಿ ಮಾರಿದ ದುಡ್ಡಿಗೆ ಕರೆಯುವ ಎಮ್ಮೆಯೊಂದು ಬರಲೇಬೇಕು, ಇಲ್ಲದಿದ್ದರೆ ದಿನಾ ಹಾಲು ಹಾಕಿಸಿಕೊಳ್ಳುವ ವರ್ತನೆ ಮನೆಗಳೆಲ್ಲ ಕೈತಪ್ಪಿ ಅವಳು ಕಂಡವರ ಹೊಲದಲ್ಲಿ ಕಳೆ ಕೀಳಬೇಕು.

ಪಕ್ಕದ ಹೊಲದ ಅಶ್ವತ್ಥಪ್ಪನಿಗೆ ಲೈಸೆನ್ಸ್ ಇತ್ತು, ಕೋವಿಯ ಮೇಲೆ ಕಣ್ಣೂ ಇತ್ತು. ಹಳೇ ಕಬ್ಬಿಣ, ಪಾಪ ಅಂತ ತಗೊಳ್ತೀನಿ ಎಂದು ಗೊಡ್ಡೆಮ್ಮೆಯ ಬೆಲೆ ಹೇಳಿ ಗಡುವು ಹತ್ತಿರವಾಗಲೆಂದು ಕಾಯುತ್ತ ಕೂತ. ಇವನ ಕನಿಕರಕ್ಕೆ ಬೆಂಕಿ ಬಿತ್ತು ಎಂದು ಬೈದುಕೊಂಡು ಮುನಿಕೆಂಪಮ್ಮ ಬಸ್ಸು ಹತ್ತಿ ದಂಡು ಪ್ರದೇಶದಲ್ಲಿದ್ದ ಜಮೀರ್ ಸಾಹೇಬರ ಕೋವಿ ಅಂಗಡಿಗೆ ಹೋದಳು.

ಮಾರುವ ಮಾತನ್ನೇ ಎತ್ತಲಿಲ್ಲ. ಗೋಡೆಯಲ್ಲಿ ತೂಗುತ್ತಿದ್ದ ಹಳೆಯ ಕೋವಿಗಳಲ್ಲಿ ತಮ್ಮ ಮನೆಯದರಂಥದೇ ಒಂದನ್ನು ತೋರಿಸಿ ಬೆಲೆ ಕೇಳಿದಳು. ಗಿರಾಕಿ ಬಂದಳೆಂದು ಸಾಹೇಬರು ಅದನ್ನು ಇಳಿಸಿ, ಬಾಯಿತುಂಬ ಹೊಗಳಿ, ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆಂದು ಬೆಲೆ ಹೇಳಿದರು. ಆಗ ಮುನಿಕೆಂಪಮ್ಮ, ಇದರ ಒಡಹುಟ್ಟಿದ್ದೇ ನಮ್ಮ ಠಾಣೆಯಲ್ಲಿದೆ, ನಿಮ್ಮ ಲಾಭ ಬಿಟ್ಟು ಎಷ್ಟು ಕೊಡುತ್ತೀರಿ ಎಂದಳು. ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಈಗ ತಾನೇ ಹೊಗಳಿದ್ದನ್ನು ತೆಗಳುವುದು ಹೇಗೆ? ಚೌಕಾಸಿ ನಡೆದು ಕೊನೆಗೆ ಕರು ಹಾಕಿದ ಎಮ್ಮೆಯೊಂದು ಬರುವಷ್ಟಕ್ಕೆ ಒಪ್ಪಿದರು.

ಗಡುವಿನ ಕೊನೆಯ ದಿನ ಸಾಹೇಬರು ಅನುಮತಿ ಪತ್ರ ಹಿಡಿದು ಠಾಣೆಗೆ ಬಂದರು. ವ್ಯಾಪಾರ ಮುರಿದರೆ ತನಗೇ ಸಿಗಲೆಂದು ಅಶ್ವತ್ಥಪ್ಪನೂ ಬಂದು ಜಗಲಿಯಲ್ಲಿ ಕೂತಿದ್ದ. ಸಾಹೇಬರು ಕೋವಿ ಬಿಚ್ಚಿ, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು. ದುಡ್ಡು ಕೈಗೆ ಬಂತು. ಮುನಿಕೆಂಪಮ್ಮ ಕೋವಿಗೆ ಕುಂಕುಮವಿಟ್ಟು ಕೈ ಮುಗಿದಳು. ಆಮೇಲೆ ಹೆಗಲಿಗೆ ಹಾಕುವ ತೊಗಲಿನ ಪಟ್ಟಿಯನ್ನು ಸರಸರನೆ ಬಿಚ್ಚಿ ಮಡಿಲಿಗೆ ಹಾಕಿಕೊಂಡಳು.

ಸಾಹೇಬರ ಮುಖ ಗಂಟಿಕ್ಕಿತು. "ಪಟ್ಟಿ ಸಮೇತ ಅಂತ ರೇಟ್ ಹೇಳಿದ್ದು ಅಮ್ಮ. ಒಳ್ಳೇ ತೊಗಲು ಅದು. ಪಟ್ಟಿ ಇಲ್ಲ ಅಂದ್ರೆ ನನಗೆ ಕೋವೀನೂ ಬೇಡ."

ಅವಳು ಜಪ್ಪಯ್ಯ ಎಂದರೂ ಕೊಡಲೊಲ್ಲಳು. ದಫೇದಾರರು ಗದರಿದರು, ಸಾಹೇಬರು ದುಡ್ಡು ವಾಪಸು ಕೇಳಿ ಕೈ ಚಾಚಿದರು. ಎಮ್ಮೆ ಕೈಬಿಟ್ಟು ಹೋಗುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು, ಆದರೂ ಪಟ್ಟಿಯ ಮೇಲಿನ ಹಿಡಿತ ಸಡಿಲಾಗಲಿಲ್ಲ. ಆಗ ಜಗಲಿಯಿಂದ ಅಶ್ವತ್ಥಪ್ಪ ಎದ್ದು ಬಂದ.

"ಎಮ್ಮೆ ಮಾರ್ದೋರು ಕಣ್ಣಿ ಕೊಡಲ್ಲ ಸಾಬ್ರೆ," ಎಂದ. "ಕಟ್ಟಿದ ಅಗ್ಗಾನೂ ಕೊಟ್ಬುಟ್ರೆ ಮನೆ ಲಕ್ಷ್ಮಿ ಅದರ ಜೊತೆಗೇ ಒಂಟೋಗ್ತಾಳೆ. ಅಕ್ಕ ಮಾಡಿದ್ದೇ ಸರಿ."

ಕೋವಿಯೇನು ಎಮ್ಮೆಯೇ ಎಂದು ಸಾಹೇಬರು ಕೇಳಿದರು. ಮನೆಯಲ್ಲಿ ಬಾಳಿದ್ದು ಯಾವುದಾದರೂ ಅಷ್ಟೇ ಎಂದ ಅಶ್ವತ್ಥಪ್ಪ. ದಫೇದಾರರೂ ಹಳ್ಳಿಯವರೇ, ಹೌದೆಂದು ತಲೆದೂಗಿದರು. ಮೂರು ಜನ ಒಂದೇ ಮಾತಿಗೆ ಬಂದ ಮೇಲೆ ಸಾಹೇಬರು ನಕ್ಕು, ನಿಮ್ಮ ಲಕ್ಷ್ಮಿ ನಿಮಗೇ ಇರಲಿ ಎಂದು ಬೋಳು ಕೋವಿಗೇ ರುಜು ಹಾಕಿ ಕೊಂಡುಹೋದರು.

ಊರಿನ ದಾರಿಯಲ್ಲಿ ಮುನಿಕೆಂಪಮ್ಮನಿಗೆ ಸಂತೋಷದ ಜೊತೆಗೆ ಕಸಿವಿಸಿಯೂ ಆಗುತ್ತಿತ್ತು. ತಾನು ತಿಂಗಳುಗಟ್ಟಲೆ ಬಾಯಿಗೆ ಬಂದಂತೆ ಬೈದ ಮನುಷ್ಯ ಪಕ್ಕದಲ್ಲೇ ನಡೆಯುತ್ತಿದ್ದಾನೆ. ಅವನು ತೆಪ್ಪಗೆ ಕೂತಿದ್ದರೆ ಕೋವಿ ಅವನದೇ ಆಗುತ್ತಿತ್ತು. ಕೆರೆ ಏರಿ ಹತ್ತುವಾಗ ಅದನ್ನೇ ಕೇಳಿದಳು.

"ಕೋವಿ ಮೇಲೆ ಆಸೆ ಇತ್ತು ಕಣಕ್ಕ, ಸುಳ್ಳು ಯಾಕೆ ಯೋಳ್ಲಿ," ಎಂದ ಅಶ್ವತ್ಥಪ್ಪ. "ನಿನ್ ಮನೆ ಲಕ್ಷ್ಮಿ ಮೇಲೆ ಇರ್ಲಿಲ್ಲ."

ಅವಳು ಮಡಿಲಿನಲ್ಲಿದ್ದ ಪಟ್ಟಿಯನ್ನು ಸರಿಮಾಡಿಕೊಂಡಳು. ಆಮೇಲೆ, ಬರುವ ಸಂತೆಗೆ ಎಮ್ಮೆ ಆರಿಸಲು ನೀನೂ ಬಾ ಎಂದಳು. ಎಮ್ಮೆ ಆರಿಸಲು ಅವಳು ಅದುವರೆಗೆ ಯಾರನ್ನೂ ಜೊತೆಗೆ ಕರೆದವಳಲ್ಲ, ಗಂಡನನ್ನು ಕೂಡ.