ಶಾಂತವ್ವನ ಸಡಿಲಾದ ಹಗ್ಗ

ಗಜೇಂದ್ರಗಡದಲ್ಲಿ ಸೀರೆ ನೇಯುವ ಶಾಂತವ್ವನ ಸಕ್ಕರೆ ಕಾಯಿಲೆಗೆ ನಾನೇ ಡಾಕ್ಟರು. ಗುಳಿಗೆ ಬರೆದುಕೊಡುತ್ತ, ಇನ್ಸುಲಿನ್ ಜೀವಕೋಶದ ಬಾಗಿಲನ್ನು ಹೊರಗಿನಿಂದ ಬಡಿಯುತ್ತದೆ ಅಂದೆ.

“ಹೊರಗ ಬಡದ್ರ ಒಳಗ ತೆರಿಯಾವ್ರು ಯಾರ್ರಿ? ಅದು ತಿಳಿಯೂತನಕ ಗುಳಿಗಿ ನುಂಗೂದಿಲ್ಲ.”

ಒಳಗೆ ಪ್ರೋಟೀನುಗಳಿವೆ, ಒಂದು ಇನ್ನೊಂದನ್ನು ಎಬ್ಬಿಸುತ್ತ ಸುದ್ದಿ ಮುಟ್ಟಿಸುತ್ತವೆ, ಆಗ ಸಕ್ಕರೆಗೆ ಬಾಗಿಲು ತೆರೆಯುತ್ತದೆ ಅಂದೆ. ಆಕೆಯ ಮುಖ ಅರಳಿತು.

“ನಮ್ಮ ಮಗ್ಗ ಅನ್ರಿ. ಕೆಳಗ ಕಾಲಿಲೆ ತುಳಿದ್ರ ಹಗ್ಗ ಜಗ್ಗಿ ಮ್ಯಾಲ ನೂಲು ಏಳತಾವು. ನನ್ನ ಹಗ್ಗ ಸಡ್ಲಾಗ್ಯಾವು.”

ಇಷ್ಟು ಚಲೋ ವಿವರಣೆ ನಾನು ಕಾಲೇಜಿನಲ್ಲೂ ಕೇಳಿರಲಿಲ್ಲ.

“ಬಿಗಿ ಮಾಡೂದು ಹ್ಯಾಂಗ್ರಿ?”

“ಗುಳಿಗಿ ತಗೋರಿ, ದಿನಾ ನಡೀರಿ.”

ಶಾಂತವ್ವ ನನ್ನ ಹೊಟ್ಟೆ ನೋಡಿ ನಕ್ಕಳು. “ಹಂಗಾರ ನಾಳಿಂದ ಇಬ್ರೂ ಕೂಡೇ ಹೋಗೂಣ್ರಿ.”

ಈಗ ದಿನಾ ಮುಂಜಾನೆ ಗುಡ್ಡದ ಹಾದಿಯಲ್ಲಿ ಆಕೆ ಮುಂದೆ, ಏದುಸಿರು ಬಿಡುತ್ತ ನಾನು ಹಿಂದೆ. ಯಾರು ಯಾರ ಪೇಶಂಟ್ ಅಂತ ಊರಿಗೇ ಗೊಂದಲ.